ನರ್ಸಮ್ಮನ ಕರಿ ರೊಟ್ಟಿ

ನರ್ಸಮ್ಮ ನಿವೃತ್ತರಾದ ದಿನ ಗುಬ್ಬಿ ಆಸ್ಪತ್ರೆಯ ಅಂಗಳದಲ್ಲಿ ಭಾಷಣ ಮಾಡಿದವರೆಲ್ಲ ಸುಳ್ಳು ಹೇಳಿದರು. ಒಬ್ಬರು ಅವರನ್ನು ಮೃದುಭಾಷಿ ಎಂದರು. ಇನ್ನೊಬ್ಬರು ಸಹನೆಯ ಮೂರ್ತಿ ಎಂದರು. ಹಿಂದಿನ ವಾರವಷ್ಟೇ ಅವರಿಂದ ಚೆನ್ನಾಗಿ ಬೈಸಿಕೊಂಡಿದ್ದ ಕಾಂಪೌಂಡರು, 'ಯಾರ ಮನಸ್ಸನ್ನೂ ನೋಯಿಸದವರು' ಎಂದುಬಿಟ್ಟರು. ಹಾರ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದ ನರ್ಸಮ್ಮ ಅಷ್ಟೂ ಹೊತ್ತು ಮುಂದಿನ ಸಾಲಿನ ಹೆಂಗಸರ ಮುಖಗಳನ್ನೇ ನೋಡುತ್ತಿದ್ದರು. ಕೊನೆಗೆ ಎರಡು ಮಾತಾಡಿ ಎಂದು ಎಬ್ಬಿಸಿದಾಗ ಎದ್ದು ನಿಂತು, ಬೆರಳು ತೋರಿಸಿ, "ಆ ಹಸಿರು ಸೀರೆಯವ್ಳು ಯಾರವ್ವ? ಬಿಳಿಚ್ಕೊಂಡಿದೀಯಲ್ಲ. ನಾಳೆ ಬೆಳಿಗ್ಗೆ ಬಂದು ರಕ್ತ ತೋರಿಸ್ಕೋ" ಎಂದು ಕೂತುಬಿಟ್ಟರು. ಅವರ ಭಾಷಣ ಅಷ್ಟೇ. ಹಸಿರು ಸೀರೆಯವಳು ಹೊಸದಾಗಿ ಬಂದಿದ್ದ ಡಾಕ್ಟರ ಹೆಂಡತಿ.

ಅವರಿಗೊಂದು ಹೆಸರಿತ್ತು. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಊರಿಗೆಲ್ಲ ಅವರು ನರ್ಸಮ್ಮ, ನನಗೂ ಅಷ್ಟೇ. ಆರಡಿಗೆ ಸ್ವಲ್ಪ ಕಡಿಮೆ ಎತ್ತರ, ಗಟ್ಟಿ ರಟ್ಟೆ, ಬಿಳಿ ಸೀರೆ, ಕಂಕುಳಲ್ಲಿ ಮಳೆಯಿರಲಿ ಬಿಸಿಲಿರಲಿ ಬಿಚ್ಚದ ಒಂದು ಕೊಡೆ. ಆ ಕೊಡೆಯಿದ್ದದ್ದು ನಾಯಿ ಓಡಿಸುವುದಕ್ಕೆ ಮತ್ತು ಬಾಣಂತಿಯರ ಗಂಡಂದಿರಿಗೆ ಬುದ್ಧಿ ಹೇಳುವಾಗ ಎದೆಗೆ ಚುಚ್ಚುವುದಕ್ಕೆ.

ಎದುರಿಗೆ ಹೆಂಗಸು ಯಾರೇ ಸಿಗಲಿ, ಚೆನ್ನಾಗಿದೀರಾ ಎಂದು ಕೇಳುವ ಅಭ್ಯಾಸ ಅವರಿಗಿರಲಿಲ್ಲ. ನೇರ ಹತ್ತಿರ ಬಂದು ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆದು ಕಣ್ಣಿನೊಳಗೆ ಕೆಂಪು ಇದೆಯೋ ಇಲ್ಲವೋ ನೋಡುತ್ತಿದ್ದರು. ಬಸ್ ಸ್ಟಾಂಡಿನಲ್ಲಿ, ಸಂತೆಯಲ್ಲಿ, ದೇವರಾಯನದುರ್ಗದ ಮೆಟ್ಟಿಲ ಮೇಲೆ, ಎಲ್ಲೆಂದರಲ್ಲಿ. ಒಂದು ಮದುವೆಯಲ್ಲಿ ಅಕ್ಷತೆ ಹಾಕಲು ಹೋದವರು ಮಂಟಪದಲ್ಲೇ ಮದುಮಗಳ ರೆಪ್ಪೆ ಎಳೆದು, ಗಂಡಿನ ತಾಯಿಯ ಕಡೆ ತಿರುಗಿ, "ಒಂದು ವರ್ಷ ಬಸಿರು ಗಿಸಿರು ಅನ್ಬೇಡಿ, ಮೊದ್ಲು ಹೊಟ್ಟೆಗೆ ಹಾಕಿ" ಎಂದಿದ್ದರು. ಪುರೋಹಿತರು ಮಂತ್ರ ನಿಲ್ಲಿಸಿ ಕಾದರು.

ನರ್ಸಮ್ಮ ಹುಲಿಯೂರುದುರ್ಗದ ಕಡೆಯ ರಾಗಿ ಹೊಲದವರ ಮನೆಯ ಮಗಳು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡ. ಅಣ್ಣ ಕರೆತಂದು ತುಮಕೂರಿನ ಒಂದು ಹೆಂಗಸರ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿಸಿದ. ಅಲ್ಲಿ ಐರ್ಲೆಂಡಿನಿಂದ ಬಂದ ಒಬ್ಬ ವಯಸ್ಸಾದ ಡಾಕ್ಟರಮ್ಮ ಇದ್ದರಂತೆ. ಈ ಹುಡುಗಿಯ ರಟ್ಟೆ ಮತ್ತು ಬಾಯಿ ಎರಡನ್ನೂ ಮೆಚ್ಚಿ ಓದಿಸಿ ನರ್ಸು ಮಾಡಿದವರು ಅವರೇ. ಐವತ್ತರ ದಶಕದಲ್ಲಿ ಆಕೆ ತಮ್ಮ ದೇಶಕ್ಕೆ ವಾಪಸು ಹೋಗುವಾಗ ಶಿಷ್ಯೆಗೆ ಬಿಟ್ಟುಹೋದದ್ದು ಒಂದು ಎರಕದ ಪಾತ್ರೆ ಮತ್ತು ಒಂದು ರೊಟ್ಟಿ ಮಾಡುವ ವಿದ್ಯೆ.

ಪಾತ್ರೆ ನಾನು ನೋಡಿದ್ದೇನೆ. ಮೂರು ಗಿಡ್ಡ ಕಾಲು, ಮೇಲೆ ಚಪ್ಪಟೆ ಮುಚ್ಚಳ, ಎತ್ತಲು ಇಬ್ಬರು ಬೇಕು, ನರ್ಸಮ್ಮನಾದರೆ ಒಬ್ಬರೇ ಸಾಕು. ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಡಾಕ್ಟರಮ್ಮನ ದೇಶದಲ್ಲಿ ಹಳ್ಳಿ ಮನೆಗಳಲ್ಲಿ ಹೀಗೆಯೇ ರೊಟ್ಟಿ ಬೇಯಿಸುತ್ತಾರಂತೆ. ತರಿತರಿಯಾಗಿ ಬೀಸಿದ ಗೋಧಿ ಹಿಟ್ಟು, ಅದಕ್ಕೆ ಉಪ್ಪು, ಅಡುಗೆ ಸೋಡಾ, ಹುಳಿ ಮಜ್ಜಿಗೆ. ಡಾಕ್ಟರಮ್ಮ ತಮ್ಮ ಕಡೆಯ ಯಾವುದೋ ಕಾಯಿಬೀಜ, ಯಾವುದೋ ಕಪ್ಪು ಪಾಕ ಹಾಕುತ್ತಿದ್ದರಂತೆ. ನರ್ಸಮ್ಮ ಅದರ ಬದಲು ಹುರಿದ ಕಡಲೆಕಾಯಿ ಬೀಜ, ಕೊಬ್ಬರಿ ಚೂರು, ಕರಿ ಬೆಲ್ಲ ಹಾಕುತ್ತಿದ್ದರು. ಬದಲಾಯಿಸಲಾಗದ್ದು ಒಂದೇ, ಸ್ಟೌಟ್ ಎನ್ನುವ ಬಿಯರು. ಬಾರ್ಲಿಯನ್ನು ಕಪ್ಪಗೆ ಹುರಿದು ಮಾಡುವುದರಿಂದ ಅದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೇ ಇರುತ್ತದೆ. ಆಗಿನ ಡಾಕ್ಟರುಗಳು ರಕ್ತ ಕಡಿಮೆಯಾದ ಬಾಣಂತಿಯರಿಗೆ ಅದನ್ನು ಟಾನಿಕ್ಕಿನಂತೆ ಬರೆದುಕೊಡುತ್ತಿದ್ದರು. ನಮ್ಮ ಹೆಂಗಸರು ಅದನ್ನು ಕುಡಿಯುವುದುಂಟೆ? ವಾಸನೆಗೇ ಸೆರಗಿನಿಂದ ಮೂಗು ಮುಚ್ಚುತ್ತಿದ್ದರು. ಕುಡಿಯದವರಿಗೆ ತಿನ್ನಿಸೋಣ ಎಂದು ಡಾಕ್ಟರಮ್ಮ ಅದನ್ನು ರೊಟ್ಟಿಗೆ ಕಲಸಿದರಂತೆ.

ಬೆಂದ ರೊಟ್ಟಿಯನ್ನು ತಿರುಗಿಸಿ ನರ್ಸಮ್ಮ ಬೆನ್ನಿಗೆ ಬೆರಳಿನಿಂದ ತಟ್ಟುತ್ತಿದ್ದರು, ತೆಂಗಿನಕಾಯಿ ತಟ್ಟಿ ನೋಡುವಂತೆ. ಟೊಳ್ಳು ಸದ್ದು ಬಂದರೆ ಒಳಗೆ ಬೆಂದಿದೆ ಎಂದು ಲೆಕ್ಕ. ಮೇಲೆ ಚಾಕುವಿನಿಂದ ಅಡ್ಡ ಉದ್ದ ಎರಡು ಗೀರು. ಯಾಕೆ ಎಂದು ಕೇಳಿದ್ದಕ್ಕೆ, "ಡಾಕ್ಟರಮ್ಮ ದೆವ್ವ ಹೊರಗೋಗ್ಲಿ ಅಂತ ಹಾಕೋರು. ನಾನು ನಡು ಬೇಯ್ಲಿ ಅಂತ ಹಾಕ್ತೀನಿ" ಎಂದಿದ್ದರು.

ಅದು ಪಾನನಿರೋಧದ ಕಾಲ. ಡಾಕ್ಟರ ಚೀಟಿ ಮತ್ತು ಪರ್ಮಿಟ್ಟು ಇದ್ದರೆ ಮಾತ್ರ ಬಾಟಲಿ ಬೆಂಗಳೂರಿನಿಂದ ಬಸ್ಸಿನಲ್ಲಿ, ಪೇಪರು ಸುತ್ತಿಸಿಕೊಂಡು ಬರುತ್ತಿತ್ತು. ನರ್ಸಮ್ಮ ಕುಣಿಗಲ್ಲಿನಲ್ಲಿದ್ದಾಗ ಒಂದು ವಾರ ಬಾಟಲಿ ಬರಲಿಲ್ಲ. ಬಾಣಂತಿಯ ಗಂಡ ಪಾಪ, ಎಲ್ಲಿಂದಲೋ ಒಂದು ಚೊಂಬು ಈಚಲ ಹೆಂಡ ತಂದುಕೊಟ್ಟನಂತೆ. ಇವರೂ ಹಿಂದು ಮುಂದು ನೋಡದೆ ಕಲಸಿಟ್ಟರು. ಅಷ್ಟರಲ್ಲಿ ಹೆರಿಗೆಗೆ ಕರೆ ಬಂತು, ಹೋದರು. ವಾಪಸು ಬಂದು ನೋಡಿದರೆ ಹಿಟ್ಟು ಆ ಭಾರದ ಮುಚ್ಚಳವನ್ನೇ ಎತ್ತಿಕೊಂಡು, ಪಾತ್ರೆಯಿಂದ ಇಳಿದು, ಒಲೆ ದಾಟಿ ಬಾಗಿಲ ಕಡೆಗೆ ಹರಿದಿತ್ತಂತೆ. "ಪೊಲೀಸ್ನೋರು ನಮ್ಮನೇಗ್ ಬರೋದ್ಯಾಕೆ ಅಂತ ಅದೇ ಸ್ಟೇಷನ್ನಿಗೆ ಹೊಂಟಿತ್ತು ಕಣವ್ವ" ಎಂದು ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಇಷ್ಟೆಲ್ಲ ನನಗೆ ಗೊತ್ತಾದದ್ದು ನಾನೇ ಆ ರೊಟ್ಟಿ ತಿಂದು ಬದುಕಿದ ಮೇಲೆ.

ನನ್ನ ತವರು ತುಮಕೂರಿನ ಉಪ್ಪಾರಹಳ್ಳಿ. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು. ಹಾಗಾಗಿ ಚೊಚ್ಚಲ ಬಾಣಂತನ ಗುಬ್ಬಿಯಲ್ಲಿ ಅತ್ತೆಯವರ ಕೈಯಲ್ಲೇ ಆಯಿತು. ಹೆರಿಗೆಯಲ್ಲಿ ರಕ್ತ ಬಹಳ ಹೋಗಿತ್ತು. ಮನೆಗೆ ಬಂದ ಮೇಲೆ ಅತ್ತೆ ಕಿಟಕಿ ಮುಚ್ಚಿ, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಮಂಚದ ಕೆಳಗೆ ಕೆಂಡದ ಮಡಕೆ ಇಟ್ಟರು. ಊಟಕ್ಕೆ ಹಳೇ ಅಕ್ಕಿ ಅನ್ನ, ಮೆಣಸಿನ ಸಾರು, ತುಪ್ಪ. ತರಕಾರಿ ಶೀತ, ಹಣ್ಣು ಶೀತ, ಬೇಳೆ ವಾಯು, ನೀರು ಕುಡಿದರೆ ಹೊಟ್ಟೆ ಬರುತ್ತದೆ. ಅವರಿಗೆ ನನ್ನ ಮೇಲೆ ಕೋಪವಿರಲಿಲ್ಲ, ಹೆದರಿಕೆಯಿತ್ತು. ಹತ್ತು ವರ್ಷದ ಹಿಂದೆ ಅವರ ಒಬ್ಬಳೇ ಮಗಳು ಇದೇ ಕೋಣೆಯಲ್ಲಿ ಬಾಣಂತಿಯಾಗಿದ್ದಾಗ ತೀರಿಕೊಂಡಿದ್ದಳು. ಪಥ್ಯದಲ್ಲಿ ಎಲ್ಲೋ ತಾವು ತಪ್ಪಿದ್ದರಿಂದಲೇ ಹಾಗಾಯಿತು ಎಂದು ನಂಬಿದ್ದ ಅತ್ತೆ, ಈ ಸಲ ಒಂದು ಕೂದಲಿನಷ್ಟೂ ತಪ್ಪಬಾರದೆಂದು ಪಣ ತೊಟ್ಟಿದ್ದರು. ಇತ್ತ ನಾನು ಎದ್ದರೆ ಕಣ್ಣು ಕತ್ತಲೆ, ಮಗುವಿಗೆ ಹಾಲು ಸಾಲದು.

ಬಾಣಂತಿಯನ್ನು ನೋಡಲು ಮನೆಗೆ ಬಂದ ನರ್ಸಮ್ಮ ನನ್ನ ರೆಪ್ಪೆ ಎಳೆದರು. "ಏನೇ ಇದು, ಸುಣ್ಣ ಬಳ್ದಂಗೈತೆ!" ಡಾಕ್ಟರ ಚೀಟಿ ತೆಗೆದು, ದಿನಕ್ಕೆ ಎರಡು ಸಣ್ಣ ಲೋಟ ಸ್ಟೌಟ್ ಎಂದು ಅತ್ತೆಗೆ ಬಿಡಿಸಿ ಹೇಳಿದರು.

ಅತ್ತೆ ಎರಡು ಕೈ ಮುಗಿದುಬಿಟ್ಟರು. "ನಿನ್ನ ದಮ್ಮಯ್ಯ, ಈ ಮನೇಲಿ ಆ ಮಾತು ಎತ್ಬೇಡಮ್ಮ. ಅವರ ಕಿವಿಗೆ ಬಿದ್ರೆ ಮನೆ ಬಿಟ್ಟು ಹೋಗ್ತಾರೆ."

ಅವರು ಎಂದರೆ ನನ್ನ ಮಾವ. ತಾಲ್ಲೂಕಿನ ಪಾನನಿರೋಧ ಸಮಿತಿಯ ಅಧ್ಯಕ್ಷರು. ಖಾದಿ ಬಿಟ್ಟು ಬೇರೆ ಉಟ್ಟವರಲ್ಲ. ಆಯುರ್ವೇದದ ಅರಿಷ್ಟದ ಬಾಟಲಿಯನ್ನೂ ಮೂಸಿ ನೋಡಿ, ಹುಳಿತ ವಾಸನೆ ಎಂದು ಮನೆಯಿಂದಾಚೆ ಇಡಿಸಿದವರು.

ನರ್ಸಮ್ಮ ಚೀಟಿ ಮಡಚಿಕೊಂಡು ಹೋದರು. ಮೂರನೇ ದಿನ ಹಿತ್ತಲ ಬಾಗಿಲಿಗೆ ಬಂದು, ಬಟ್ಟೆಯಲ್ಲಿ ಸುತ್ತಿದ ಒಂದು ಗಂಟನ್ನು ಕೊಟ್ಟಿಗೆಯ ಕಟ್ಟೆಯ ಮೇಲಿಟ್ಟು, ಯಾರಿಗೋ ನೋವು ಶುರುವಾಗಿದೆ ಎಂದು ಓಡಿದರು. ಅತ್ತೆ ಮಡಿಯಲ್ಲಿದ್ದರು. ಸ್ವಲ್ಪ ಹೊತ್ತಾದ ಮೇಲೆ ಬಿಚ್ಚಿ ನೋಡಿದರೆ ಕಪ್ಪಗೆ, ದಪ್ಪಗೆ, ಕಡಲೆಕಾಯಿ ಬೀಜದ ಚೂರು ಕಾಣುವ ಒಂದು ಮುದ್ದೆ. ಗಾಣದಿಂದ ಬರುವ ಹಿಂಡಿಗೂ ಅದಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ರೈತರ ಮನೆಯ ಹೆಣ್ಣುಮಗಳು, ನಮ್ಮ ಹಸು ಗೌರಿಗೆಂದು ಪ್ರೀತಿಯಿಂದ ಹಿಂಡಿ ತಂದಿದ್ದಾಳೆ ಎಂದುಕೊಂಡು, ಅತ್ತೆ ಅದನ್ನು ಬಾನಿಯಲ್ಲಿ ನೆನೆಸಿ ಮೂರು ದಿನ ಗೌರಿಗೆ ತಿನ್ನಿಸಿದರು.

ನಾಲ್ಕನೇ ದಿನ ನರ್ಸಮ್ಮ ಬಂದರು. "ರೊಟ್ಟಿ ತಿಂದ್ಲಾ? ಹೆಂಗವ್ಳೆ?"

"ಯಾರು, ಗೌರೀನಾ?" ಎಂದರು ಅತ್ತೆ. "ಅಯ್ಯೋ, ನಿನ್ನ ಹೊಟ್ಟೆ ತಣ್ಣಗಿರ್ಲಿ. ಚೊಕ್ಕವಾಗಿ ತಿಂತು. ಹೊತ್ತಿಗೆ ಒಂದು ಪಾವು ಹಾಲು ಜಾಸ್ತಿ ಕೊಡ್ತಿದೆ ಕಣಮ್ಮ. ಇನ್ನೂ ಇದ್ರೆ ತಂದ್ಕೊಡು."

ಕೋಣೆಯೊಳಗಿಂದ ನನಗೆ ಕೇಳಿದ್ದು ಮೊದಲು ಕೊಡೆ ಕೆಳಗೆ ಬಿದ್ದ ಸದ್ದು. ಆಮೇಲೆ ನರ್ಸಮ್ಮನ ನಗು. "ಅಮ್ಮಾವ್ರೇ, ಅದು ನಿಮ್ಮ ಸೊಸೆಗೆ ತಂದಿದ್ದು!" ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಅತ್ತೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ನರ್ಸಮ್ಮ ಬರೀ ಬಾಯಿಮಾತಿನಲ್ಲಿ ಹೇಳಿದ್ದರೆ ಅತ್ತೆ ಆ ರೊಟ್ಟಿಯನ್ನು ಬಾಣಂತಿ ಕೋಣೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ. ಆದರೆ ಗೌರಿಯ ಹಾಲು ಅಳೆದವರು ಅವರೇ. "ಹಸೂಗೆ ಆಗಿದ್ದು ಸೊಸೆಗೂ ಆಗ್ಲಿ, ತಗೊಂಡ್ಬಾ" ಎಂದರು.

ಹೀಗೆ ಗೌರಿಯ ಶಿಫಾರಸಿನ ಮೇಲೆ ನನಗೆ ರೊಟ್ಟಿ ಬಂತು. ಮೊದಲ ಚೂರು ಬಾಯಿಗಿಡುವ ಮುಂಚೆ ನರ್ಸಮ್ಮ ಬಾಗಿಲು ಮುಂದೆ ಮಾಡಿ ನನ್ನ ಹತ್ತಿರ ಕೂತರು. "ನೋಡು ಮಗ, ನಿಂಗೆ ಹೇಳ್ದೆ ತಿನ್ಸಲ್ಲ. ಇದ್ರಾಗೆ ಆ ಬಾಟ್ಲಿದು ಐತೆ. ಕೆಂಡದ ಮೇಲೆ ಒಂದು ಗಂಟೆ ಬೆಂದೈತೆ, ಅಮಲು ಗಿಮಲು ಎಲ್ಲ ಹೊಗೆ ಜೊತೆ ಹೋಗೈತೆ. ಬ್ಯಾಡ ಅಂದ್ರೆ ಬುಡು."

"ಅತ್ತೆಗೆ ಹೇಳಿದೀರಾ?" ಎಂದೆ.

"ಕೇಳಿಲ್ಲ. ಕೇಳಿದ್ರೆ ಹೇಳ್ತೀನಿ."

ಇದು ಸರಿಯೋ ತಪ್ಪೋ ಈಗಲೂ ನಾನು ಗಟ್ಟಿಯಾಗಿ ಹೇಳಲಾರೆ. ಮಗು ಪಕ್ಕದಲ್ಲಿ ಅಳುತ್ತಿತ್ತು. ನಾನು ತಿಂದೆ. ಮೊದಲು ಕಹಿ, ಆಮೇಲೆ ಬೆಲ್ಲ, ಆಮೇಲೆ ಕಡಲೆಕಾಯಿ ಬೀಜ ಹಲ್ಲಿಗೆ ಸಿಕ್ಕುವ ಸುಖ. ಎಷ್ಟೋ ದಿನಗಳ ಮೇಲೆ ನನಗೆ ಹಸಿವು ಎನ್ನುವುದು ನೆನಪಾಯಿತು.

ವಾರಕ್ಕೆ ಎರಡರಂತೆ ರೊಟ್ಟಿ ಬಂತು. ಮೂರು ವಾರದಲ್ಲಿ ನಾನು ಗೋಡೆ ಹಿಡಿಯದೆ ನಡೆದೆ, ಮಗು ಕುಡಿದು ತೃಪ್ತಿಯಾಗಿ ಮಲಗತೊಡಗಿತು. ಅಷ್ಟರಲ್ಲಿ ಮಾವನವರಿಗೂ ಅದರ ರುಚಿ ಹತ್ತಿತ್ತು. ಸಂಜೆ ಕಾಫಿಗೆ ಒಂದು ಹೋಳು, ಮೇಲೆ ತುಪ್ಪ. "ಇದರಲ್ಲಿ ಏನೋ ಒಂದು ಗಾಂಭೀರ್ಯ ಇದೆ ಕಣೇ" ಎಂದು ಅತ್ತೆಯ ಹತ್ತಿರ ಮೆಚ್ಚಿಕೊಂಡರು. ಒಂದು ದಿನವಂತೂ, ಕುಡಿತ ಬಿಟ್ಟವರಿಗೆ ಸಮಿತಿಯಿಂದ ಇಂಥ ರೊಟ್ಟಿ ಹಂಚಿದರೆ ಅವರ ಮನಸ್ಸು ಮತ್ತೆ ಆ ಕಡೆ ಹೋಗಲಿಕ್ಕಿಲ್ಲ, ಮುಂದಿನ ಸಭೆಯಲ್ಲಿ ಪ್ರಸ್ತಾಪ ಮಾಡುತ್ತೇನೆ ಎಂದರು. ನಾನು ಕೋಣೆಯಲ್ಲಿ ಹೊದಿಕೆ ಬಾಯಿಗೆ ತುರುಕಿಕೊಂಡೆ.

ಆ ಪ್ರಸ್ತಾಪ ಸಭೆಗೆ ಹೋಗಲಿಲ್ಲ. ಅದಕ್ಕೆ ಮುಂಚೆಯೇ ಅತ್ತೆ ಕೇಳಿಬಿಟ್ಟರು. ಪಾಪ, ನರ್ಸಮ್ಮನಿಗೆ ಎಷ್ಟು ದಿನ ತೊಂದರೆ ಕೊಡುವುದು, ತಾವೇ ಮಾಡಿಕೊಳ್ಳೋಣ ಎನ್ನುವುದು ಅವರ ಆಸೆ. "ಏನೇನು ಹಾಕ್ತೀಯಮ್ಮ ಇದಕ್ಕೆ?"

ನಡುಮನೆಯಲ್ಲಿ ಮಾವ ಹೋಳು ಹಿಡಿದು ಕೂತಿದ್ದರು. ನಾನು ಕೋಣೆಯ ಬಾಗಿಲಲ್ಲಿದ್ದೆ. ನರ್ಸಮ್ಮ ಒಂದು ಸಲ ನನ್ನ ಕಡೆ ನೋಡಿದರು. ಮಜ್ಜಿಗೆ ಸೋಡಾ ಎಂದು ಹೇಳಿ ಮುಗಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಬೆರಳು ಮಡಚುತ್ತಾ ಗೋಧಿ, ಸೋಡಾ, ಮಜ್ಜಿಗೆ, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ ಎಂದು ಹೇಳಿ, ಏಳನೇ ಬೆರಳಿಗೆ ಬಂದು, "ಅರ್ಧ ಬಾಟ್ಲಿ ಸ್ಟೌಟು, ಡಾಕ್ಟರು ಬರ್ಕೊಟ್ಟಿದ್ರಲ್ಲ, ಅದೇ" ಎಂದರು.

ಮಾವ ಹೋಳನ್ನು ತಟ್ಟೆಗಿಟ್ಟರು. ಎದ್ದು ಬಾವಿಕಟ್ಟೆಗೆ ಹೋಗಿ ಒಂದು ಹಂಡೆ ನೀರು ಖಾಲಿಯಾಗುವವರೆಗೆ ಬಾಯಿ ಮುಕ್ಕಳಿಸಿದರು. ಬಂದವರೇ ಕಾಗದ ಪೆನ್ನು ತಗೊಂಡು ಜಗುಲಿಯಲ್ಲಿ ಕೂತರು. ತುಮಕೂರಿನಲ್ಲಿ ಆಸ್ಪತ್ರೆಗಳ ಮೇಲಿದ್ದ ದೊಡ್ಡ ಸಾಹೇಬರಿಗೆ ದೂರು. ಅದು ಹೋದರೆ ನರ್ಸಮ್ಮನ ಕೆಲಸ ಉಳಿಯುತ್ತಿರಲಿಲ್ಲ.

ಅತ್ತೆ ಮುಖ ತಿರುಗಿಸಿಕೊಂಡು, "ನಾಳೆಯಿಂದ ಬರ್ಬೇಡಮ್ಮ" ಎಂದರು. ನರ್ಸಮ್ಮ ಕೊಡೆ ತಗೊಂಡು, "ಬರಲ್ಲ ಬುಡಿ. ಆದ್ರೆ ಅವಳ ಕಣ್ಣು ದಿನಾ ನೋಡಿ" ಎಂದು ಹೊರಟರು.

ಮಾವನವರಿಗೆ ಭಾಷೆಯ ವಿಷಯದಲ್ಲಿ ಬಹಳ ಶಿಸ್ತು. ಒಂದು ಚಿತ್ತು ಬಿದ್ದರೂ ಮತ್ತೆ ಮೊದಲಿನಿಂದ ಬರೆಯುವವರು. ಆ ದೂರು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ನನಗೆ ಮತ್ತೆ ಅನ್ನ ಸಾರು. ಎರಡನೇ ದಿನವೇ ಜ್ವರ ಬಂತು. ನಾಲ್ಕನೇ ದಿನ ಮಗು ಎದೆಗೆ ಬಾಯಿಟ್ಟು, ಬಿಟ್ಟು, ಮುಖ ಕೆಂಪಗೆ ಮಾಡಿಕೊಂಡು ಅತ್ತಿತು. ಅತ್ತೆ ಒಳಗೆ ಬಂದರು. ಐದು ವಾರದಿಂದ ಮುಚ್ಚಿದ್ದ ಕಿಟಕಿಯನ್ನು ತೆರೆದರು. ಬಿಸಿಲಿಗೆ ನನ್ನ ಮುಖ ತಿರುಗಿಸಿ, ಹೆಬ್ಬೆರಳಿನಿಂದ ನನ್ನ ರೆಪ್ಪೆ ಎಳೆದು ನೋಡಿದರು. ಬಹಳ ಹೊತ್ತು ನೋಡಿದರು. ನೇರ ಜಗುಲಿಗೆ ಹೋದರು.

"ಅದು ಬರೆದಾಯ್ತಾ?"

"ಆಯ್ತು. ರುಜು ಒಂದು ಬಾಕಿ."

"ಒಳಗಿಡಿ. ಊರಿನ ಪಾನನಿರೋಧಕ್ಕೆ ನೀವು ಅಧ್ಯಕ್ಷರು. ಬಾಣಂತಿ ಕೋಣೆಗೆ ನಾನು."

"ಕಾನೂನು ಅಂತ ಒಂದಿದೆ ಕಣೇ..."

"ಡಾಕ್ಟ್ರು ಚೀಟಿ ಬರ್ಕೊಟ್ಟಿದಾರಲ್ಲ, ಅದೂ ಕಾನೂನೇ. ಇನ್ನೊಂದು ಸಲ ಈ ಮನೆಯಿಂದ ಹೆಣ ಕಳ್ಸೋಕೆ ನನ್ನ ಕೈಲಿ ಆಗಲ್ಲ."

ಮಾವ ಪೆನ್ನಿಗೆ ಮುಚ್ಚಳ ಹಾಕಿದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆಮೇಲೆ ಅವರು ನಡೆದುಕೊಂಡ ರೀತಿಗೆ. ಆ ರೊಟ್ಟಿಯನ್ನು ಅವರು ಮತ್ತೆಂದೂ ಮುಟ್ಟಲಿಲ್ಲ, ವಾಸನೆಗೆ ಎದ್ದು ಹೋಗುತ್ತಿದ್ದರೂ ಕಣ್ಣು ಮಾತ್ರ ತಟ್ಟೆಯ ಕಡೆಗೇ ಇರುತ್ತಿತ್ತು. ಆದರೆ ಸೊಸೆಯ ಹೆಸರಿನ ಪರ್ಮಿಟ್ಟನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಬೆಂಗಳೂರಿನ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ತಾವೇ ಹೋಗಿ, ಖಾದಿ ಶಾಲಿನ ಮೇಲೆ ಆ ಪೇಪರಿನ ಗಂಟನ್ನು ಎಲ್ಲರಿಗೂ ಕಾಣುವಂತೆ ಹಿಡಿದು, ಇನ್ನೊಂದು ಕೈಯಲ್ಲಿ ಪರ್ಮಿಟ್ಟು ಹಿಡಿದು, ಪೇಟೆ ಬೀದಿಯಲ್ಲೇ ನಡೆದು ಬರುತ್ತಿದ್ದರು. ಕದ್ದು ತರುವ ವಸ್ತುವಲ್ಲ ಎನ್ನುವುದು ಅವರ ವಾದ.

ಅತ್ತೆ ಮಾತ್ರ ಆ ದೂರು ಒಳಗಿಡಿಸಿದ ದಿನವೇ ಮಧ್ಯಾಹ್ನ ನರ್ಸಮ್ಮನ ಕ್ವಾರ್ಟರ್ಸಿಗೆ ಹೋದರು. ತಮ್ಮ ಅಡುಗೆಮನೆ ಬಿಟ್ಟರೆ ಬೇರೆ ಮನೆಯ ಒಲೆಯ ಮುಂದೆ ಕೂತವರಲ್ಲ. ಅಲ್ಲಿ ನೆಲದ ಮೇಲೆ ಕೂತು, "ತೋರಿಸ್ಕೊಡಮ್ಮ, ನಾನೇ ಕಲಸ್ತೀನಿ" ಎಂದರಂತೆ. ನರ್ಸಮ್ಮ ಒಂದು ಮಾತೂ ಎತ್ತಿ ಆಡದೆ ಪರಾತ ಮುಂದಿಟ್ಟರು. ಸ್ಟೌಟ್ ಸುರಿಯುವಾಗ ಅತ್ತೆ ಮುಖ ಆಚೆ ತಿರುಗಿಸಿದರಂತೆ. ಮತ್ತೆ ಈಚೆ ತಿರುಗಿ, "ಇನ್ನೊಂಚೂರು ಹಾಕು, ಮಗು ಬಡಕಲಾಗಿದೆ" ಎಂದರಂತೆ.

ಈ ಹಿಟ್ಟನ್ನು ಚಪಾತಿ ಹಿಟ್ಟಿನಂತೆ ನಾದಬಾರದು. ಕೈಯಾಡಿಸಿ ಕೂಡಿಸಿ ಬಿಡಬೇಕು, ಇಲ್ಲದಿದ್ದರೆ ರೊಟ್ಟಿ ಅರಳುವುದಿಲ್ಲ. ಮುಂದೆ ನಾನು ಕಲಿಯಲು ಹೋದಾಗ ಎರಡು ಸಲ ಹೆಚ್ಚು ಗುದ್ದಿದ್ದಕ್ಕೆ ನರ್ಸಮ್ಮ ನನ್ನ ಕೈಗೆ ಸೌಟಿನಲ್ಲಿ ಕೊಟ್ಟಿದ್ದರು. ಆದರೆ ಅತ್ತೆ ಮೊದಲ ಸಲ ಕಲಸಿ ತಂದ ರೊಟ್ಟಿ ಕಲ್ಲಿನಂತಿತ್ತು. ಕುಟ್ಟಾಣಿಯಲ್ಲಿ ಒಡೆದು, ಹಾಲಿನಲ್ಲಿ ನೆನೆಸಿ, ಅವರೇ ನನಗೆ ತಿನ್ನಿಸಿದ್ದರು.

ಬಹಳ ವರ್ಷಗಳ ಮೇಲೆ, ಅತ್ತೆಯೂ ಇಲ್ಲವಾದ ಮೇಲೆ, ನರ್ಸಮ್ಮನನ್ನು ಕೇಳಿದೆ. "ನನಗಾದರೆ ಹೊಡೆದಿರಿ. ಅವತ್ತು ಅತ್ತೆಗೆ ನಾದಬೇಡಿ ಅಂತ ಯಾಕೆ ಹೇಳಲಿಲ್ಲ?"

ಅವರು ಕೊಡೆಯನ್ನು ಗೋಡೆಗೆ ಒರಗಿಸಿ ಕೂತರು.

"ಕಲಸ್ತಾ ಕಲಸ್ತಾ ನಿಮ್ಮತ್ತೆ, 'ನನ್ನ ಮಗಳಿಗೆ ಬರೀ ಸಾರನ್ನ ಹಾಕ್ದೆ ಕಣಮ್ಮ' ಅಂದ್ರು. ಅಂದು ನಾದ್ತಾನೇ ಇದ್ರು, ಕಣ್ಣೀರು ಸುರೀತಾನೇ ಇತ್ತು. ಅಳು ಮುಗೀಲಿ ಅಂತ ಸುಮ್ಕಿದ್ದೆ ಮಗ. ರೊಟ್ಟಿ ಕೆಟ್ರೆ ಇನ್ನೊಂದು ಮಾಡ್ಬೋದು."